ಕೆಮ್ಮಿಲ್ಲದವರ ಕೆಮ್ಮಿನ ಔಷಧ

ಕೆಮ್ಮು ಬಂದವರು ಔಷಧ ಕುಡಿಯುವುದು ಲೋಕರೂಢಿ. ಕೆಮ್ಮೇ ಇಲ್ಲದೆ ವರ್ಷಗಟ್ಟಲೆ ಕೆಮ್ಮಿನ ಔಷಧ ಕುಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ನೋಡಿರಲಾರಿರಿ. ಅಂಥವರು ಇರುವುದು ಒಬ್ಬರೇ, ಅವರು ನಮ್ಮ ಅವ್ವನ ತಮ್ಮ, ನನ್ನ ಮಾಮಾ. ಪ್ರತಿ ಐತವಾರ ಬೆಳಿಗ್ಗೆ ಖಾಲಿ ಸೀಸೆಯೊಂದನ್ನು ಕೈಚೀಲದಲ್ಲಿಟ್ಟುಕೊಂಡು ಹುನಗುಂದದಲ್ಲಿ ಮೋಟಾರು ಹತ್ತುವುದು, ಇಳಕಲ್ಲಿನಲ್ಲಿ ಇಳಿಯುವುದು, ಅಲ್ಲಿಯ ಸರ್ಕಾರಿ ದವಾಖಾನೆಯ ಬಾಕಿನ ಮೇಲೆ ರೋಗಿಗಳ ಸಾಲಿನಲ್ಲಿ ಕೂಡುವುದು, ಸರದಿ ಬಂದಾಗ ಒಳಗೆ ಹೋಗಿ "ಕೆಮ್ಮು" ಎನ್ನುವುದು, ಸೀಸೆ ತುಂಬಿಸಿಕೊಂಡು ಮರಳುವುದು! ಆ "ಕೆಮ್ಮು" ಎಂಬ ಮಾತು ಎಷ್ಟು ಸ್ವಚ್ಛವಾದ ಕಂಠದಿಂದ ಬರುತ್ತಿತ್ತೆಂದರೆ, ಅದರ ಬೆನ್ನಿಗೇ ಒಂದು ದೇವರನಾಮ ಶುರುವಾದರೂ ಯಾರೂ ಆಶ್ಚರ್ಯಪಡುತ್ತಿರಲಿಲ್ಲ.

ಮಾಮಾನಿಗೆ ಹುಚ್ಚೇ ಎಂದು ನೀವು ಕೇಳಬಹುದು. ಇಲ್ಲ. ಅವರಿಗೆ ಇದ್ದದ್ದು ಕಲಮುಗಳು. ಸರ್ಕಾರಿ ನೌಕರಿಯ ನಿಯಮಗಳಲ್ಲಿ ಒಂದೊಂದಕ್ಕೂ ನಮ್ಮ ಕಡೆ ಕಲಮು ಎನ್ನುತ್ತಾರೆ. ಮಾಮಾ ಹುನಗುಂದದ ಕಚೇರಿಯಲ್ಲಿ ಅವಲ ಕಾರಕೂನರಾಗಿದ್ದರು, ಅಂದರೆ ಕಾರಕೂನರಿಗೆಲ್ಲ ಹಿರಿಯರು. ತಾಲೂಕಿನ ದೊಡ್ಡ ಅಧಿಕಾರಿಗಳಾದ ಮಾಮಲೇದಾರರು ಬರುತ್ತಿದ್ದರು, ಹೋಗುತ್ತಿದ್ದರು. ಮಾಮಾ ಮತ್ತು ಕಲಮುಗಳು ಮಾತ್ರ ಇದ್ದಲ್ಲೇ ಇರುತ್ತಿದ್ದರು. ಉಳಿದವರು ಬೆಳಿಗ್ಗೆ ಎದ್ದು ಅಂಗೈ ನೋಡಿಕೊಂಡರೆ ಮಾಮಾ ನಿಯಮಗಳ ಪುಸ್ತಕ ನೋಡುತ್ತಿದ್ದರು. ಇದು ನನ್ನ ಉತ್ಪ್ರೇಕ್ಷೆಯಲ್ಲ, ಅವ್ವನ ಉತ್ಪ್ರೇಕ್ಷೆ.

ಒಂದು ಉದಾಹರಣೆ ಕೊಡುತ್ತೇನೆ. ಮೇಲಧಿಕಾರಿಯ ಎದುರಿಗೆ ನೌಕರನು ತಲೆ ಮುಚ್ಚಿಕೊಂಡಿರಬೇಕು ಎಂದು ಒಂದು ಹಳೆಯ ಕಲಮು ಇತ್ತು. ಬ್ರಿಟಿಷರು ಹೋದರೂ ಅದು ಹೋಗಿರಲಿಲ್ಲ. ಕಚೇರಿಯ ಹುಡುಗರೆಲ್ಲ ಬರಿತಲೆಯಲ್ಲಿ ಬರತೊಡಗಿದ್ದರು, ಯಾರೂ ಕೇಳುತ್ತಿರಲಿಲ್ಲ. ಆದರೆ ಮಾಮಾನ ರುಮಾಲು ಮಾತ್ರ ಇಸ್ತ್ರಿ ಹಾಕಿದಂತೆ ತಲೆಯ ಮೇಲೆ ಇದ್ದೇ ಇರುತ್ತಿತ್ತು. ಒಂದು ದಿನ ಬೆಳಿಗ್ಗೆ ಅವರು ಹಿತ್ತಲಿನ ಬಾವಿಯ ಹತ್ತಿರ ಮೈತುಂಬ ಸಾಬೂನು ಹಚ್ಚಿಕೊಂಡು ಸ್ನಾನ ಮಾಡುತ್ತಿದ್ದಾಗ, ಹೊಸದಾಗಿ ಬಂದಿದ್ದ ಮಾಮಲೇದಾರರು ಅಡ್ಡಾಡುತ್ತ ಹಿಂದಿನ ಓಣಿಗೆ ಬಂದರು. ಗೋಡೆ ಮೋಟು. "ಏನ್ರಿ ಕಾರಕೂನರ, ಸ್ನಾನ ನಡದದೇನು?" ಎಂದು ಸಲಿಗೆಯಿಂದ ಕೇಳಿದರು. ಮಾಮಾ ಉತ್ತರ ಕೊಡದೆ ಒಳಗೆ ಓಡಿದರು. ಮರುಕ್ಷಣ ಹೊರಗೆ ಬಂದು ಕೈಕಟ್ಟಿ ನಿಂತರು. ತಲೆಯ ಮೇಲೆ ಪೂರ್ತಿ ಸುತ್ತಿದ ರುಮಾಲು, ಕೆಳಗೆ ನೀರಿಳಿಯುವ ಒಂದು ತುಂಡು ಪಂಚೆ, ನಡುವೆ ಬರೀ ಸಾಬೂನು!

ಮಾಮಲೇದಾರರು ನಗು ತಡೆದುಕೊಂಡು ಕೇಳಿದರಂತೆ: "ಅಲ್ರಿ ಕಾರಕೂನರ, ಧೋತರದ ಬಗ್ಗೆ ಕಲಮಿನಾಗ ಏನೂ ಹೇಳಿಲ್ಲೇನ್ರಿ?"

"ಇಲ್ರಿ ರಾವಸಾಹೇಬ್ರ. ತಲೀದಷ್ಟ ಅದ."

ಇನ್ನೊಂದು ಕಲಮು ನಮ್ಮ ಮನೆತನದ ಭೂಗೋಳವನ್ನೇ ಬದಲಿಸಿತು. ಅನುಮತಿಯಿಲ್ಲದೆ ನೌಕರನು ತಾಲೂಕಿನ ಗಡಿ ದಾಟಬಾರದು, ಸೂಟಿಯ ದಿನವಾದರೂ ಸರಿ. ನಮ್ಮ ಮನೆ ಬಾಗಲಕೋಟೆಯಲ್ಲಿ, ಅದು ಬೇರೆ ತಾಲೂಕು. ಕೇಳಿದ್ದರೆ ಅನುಮತಿ ಸಿಗುತ್ತಿರಲಿಲ್ಲವೇ? ಧಾರಾಳವಾಗಿ ಸಿಗುತ್ತಿತ್ತು. ಆದರೆ ಮಾಮಾ ಕೇಳಬೇಕಲ್ಲ! "ಕಾರಣ ಅಂತ ಏನ ಬರೀಲಿ ಅಕ್ಕಾ? ಉಂಡಿ ತಿನ್ನೂದದ ಅಂತ ಬರೀಲೇನು?" ಎನ್ನುತ್ತಿದ್ದರು. ಹಾಗಾಗಿ ನಾವೇ ಗಡಿಯ ತನಕ ಹೋಗತೊಡಗಿದೆವು. ಬಾಗಲಕೋಟೆಯಿಂದ ಹೊರಟರೆ ಹುನಗುಂದ ತಾಲೂಕಿನ ಮೊದಲ ದೊಡ್ಡ ಊರು ಕಮತಗಿ. ಅಲ್ಲಿ ಮೋಟಾರು ನಿಲ್ಲುವ ಕಡೆ ಒಂದು ಬೇವಿನ ಮರ. ನಾನು ಬಿ.ಎ. ಪಾಸಾದಾಗ ಪೇಡೆ ಹಂಚಿದ್ದು ಆ ಮರದ ಕೆಳಗೆ. ನನ್ನ ತಮ್ಮನ ಮುಂಜಿವೆಯ ಮುಹೂರ್ತ ಗೊತ್ತುಮಾಡಿದ್ದು ಅಲ್ಲೇ. ದೀಪಾವಳಿಗೆ ಅವ್ವ ತನ್ನ ತಮ್ಮನಿಗೆ ಆರತಿ ಮಾಡುತ್ತಿದ್ದದ್ದೂ ಅಲ್ಲೇ. ಗಾಳಿಗೆ ದೀಪ ಆರದಂತೆ ನಾನು ಸೆರಗು ಮರೆ ಹಿಡಿದು ನಿಲ್ಲುತ್ತಿದ್ದೆ. ಮೋಟಾರಿನ ಕಿಟಕಿಗಳಿಂದ ತಲೆಗಳು ಹೊರಗೆ ಬರುತ್ತಿದ್ದವು. ನಾಚಿಕೆಯಿಂದ ನನ್ನ ಜೀವ ಹಿಡಿಯಷ್ಟಾಗುತ್ತಿತ್ತು.

ಒಂದು ವರ್ಷ ಡ್ರೈವರ್ ಇಳಿದು ಬಂದ. ಹೊತ್ತಾಯಿತೆಂದು ಬೈಯುತ್ತಾನೆ ಎಂದುಕೊಂಡೆ. ಅವನು ಮಾಮಾನ ಪಕ್ಕದಲ್ಲಿ ನಿಂತು ಟೊಪ್ಪಿಗೆ ಸರಿಮಾಡಿಕೊಂಡ.

"ಅಕ್ಕಾರ, ನನಗೂ ಒಂದ್ ಸುತ್ತ ಎತ್ತಿಬಿಡ್ರಿ. ನಮ್ಮ ತಂಗೀನ್ನ ಸೊಲ್ಲಾಪುರಕ್ಕ ಕೊಟ್ಟೇವಿ. ಇವರಿಗೆ ಕಲಮು ಅಡ್ಡ, ನನಗ ಡ್ಯೂಟಿ ಅಡ್ಡ."

ಅವ್ವ ಅವನಿಗೂ ಆರತಿ ಎತ್ತಿದಳು. ಅಂದಿನಿಂದ ಉಂಡಿಯ ಡಬ್ಬಿ ಎರಡಾದವು.

ಇನ್ನು ಇಳಕಲ್ಲಿನ ವಿಷಯಕ್ಕೆ ಬರಬೇಕು. ಬರಲು ಸ್ವಲ್ಪ ಸಂಕೋಚವಿದೆ, ಆದರೆ ಇಡೀ ತಾಲೂಕಿಗೆ ಗೊತ್ತಿರುವುದನ್ನು ನಾನೊಬ್ಬಳು ಮುಚ್ಚಿಟ್ಟು ಏನು ಪ್ರಯೋಜನ?

ಹುನಗುಂದ ತಾಲೂಕಿನೊಳಗೇ ಇರುವ ಇಳಕಲ್ಲಿನ ದವಾಖಾನೆಯಲ್ಲಿ ಒಬ್ಬ ನರ್ಸಬಾಯಿ ಇದ್ದರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡು, ಪುಣೆಯಲ್ಲಿ ಓದಿ, ಸೂಲಗಿತ್ತಿಯ ವಿದ್ಯೆಯನ್ನೂ ಕಲಿತು ಬಂದವರು. ಊರಿನವರು ಅವರನ್ನು ಬಾಯಾರು ಎನ್ನುತ್ತಿದ್ದರು. ಅವರು ಬಂದ ಮೇಲೆ ಇಳಕಲ್ಲಿನ ನೇಕಾರರ ಓಣಿಗಳಲ್ಲಿ ಹೆರಿಗೆ ಎಂದರೆ ಮೊದಲಿನ ಹೆದರಿಕೆ ಉಳಿಯಲಿಲ್ಲ. ಒಮ್ಮೆ ಕಾಲರಾ ಸೂಜಿ ಹಾಕುವ ದಿನ ಮಾಮಾ ಮಾಮಲೇದಾರರ ಜೊತೆ ಅಲ್ಲಿಗೆ ಹೋಗಿದ್ದರು. ಸಾಲಿನಲ್ಲಿ ತಮ್ಮ ಸರದಿ ಬಂದಾಗ, ಸರ್ಕಾರಿ ನೌಕರರಿಗೆ ಸೂಜಿ ಹಾಕುವ ಮೊದಲು ಯಾವ ಯಾವ ವಿಷಯ ತಿಳಿಸಬೇಕು ಎಂಬ ಕಲಮನ್ನು ಮಾಮಾ ವಿವರಿಸತೊಡಗಿದರು.

"ಕಲಮು ಆಮ್ಯಾಲೆ ಹೇಳ್ರಿ. ಮೊದಲ ತೋಳ ಮ್ಯಾಲ ಮಾಡ್ರಿ," ಎಂದರು ಬಾಯಾರು. ತೋಳು ಹಿಡಿದು ಸೂಜಿ ಚುಚ್ಚಿಯೂ ಬಿಟ್ಟರು.

ಮಾಮಾನ ಬಾಯಿಂದ ಅರ್ಧ ಹೊರಟ ಕಲಮು ಹಾಗೆಯೇ ಹಿಂದಕ್ಕೆ ಹೋಯಿತು. ಅವರ ಜೀವನದಲ್ಲಿ ಅದು ಮೊದಲನೆಯ ಸಲ. ಆಮೇಲೆ ಒಂದು ವಾರ ತೋಳು ನೋಯುತ್ತಿತ್ತೆಂದು ಮಾಮಾ ಹೇಳುತ್ತಿದ್ದರು. ನೋವು ತೋಳಿನಲ್ಲೇ ಇತ್ತು ಎಂಬುದಕ್ಕೆ ಪುರಾವೆಯಿಲ್ಲ.

ಮುಂದಿನ ತಿಂಗಳು ಮಾಮಾ ಇಳಕಲ್ಲಿಗೆ ಹೋಗಿ, ದವಾಖಾನೆಯ ಮೆಟ್ಟಿಲ ಮೇಲೆ ನಿಂತು ಮಾತಾಡಿದ್ದನ್ನು ಬಾಯಾರೇ ನನಗೆ ಹೇಳಿದ್ದಾರೆ. ಮಾಮಾ ಹೇಳಿದ್ದು ಹೀಗೆ: "ನನಗ ನಿಮ್ಮನ್ನ ಲಗ್ನ ಆಗಬೇಕಂತ ಮನಸ್ಸದ. ಆದರ ಸರ್ಕಾರಿ ನೌಕರಿಯೊಳಗಿನ ಹೆಣ್ಣಮಗಳು ಲಗ್ನ ಆದರ ಆ ದಿನಾನ ನೌಕರಿ ಬಿಡಬೇಕು ಅಂತ ಕಲಮು ಅದ. ಅದಕ್ಕ ನಾ ನಿಮ್ಮನ್ನ ಕೇಳೂದಿಲ್ಲ."

"ಕೇಳೂದಿಲ್ಲ ಅಂತ ಹೇಳಲಿಕ್ಕೆ ಹುನಗುಂದದಿಂದ ಇಲ್ಲೀತನಕ ಬಂದ್ರೇನು?"

"ಹೌದ್ರಿ."

"ಹಂಗಾರ ನಾನೂ ಉತ್ತರಾ ಕೊಡೂದಿಲ್ಲ," ಎಂದರಂತೆ ಬಾಯಾರು. "ಆದರ ಕಲಮು ಹೋದ ದಿನಾ ಮತ್ತೊಮ್ಮೆ ಬರ್ರಿ. ಆವತ್ತ ಕೇಳ್ರಿ."

ಇದಕ್ಕಿಂತ ವಿಚಿತ್ರವಾದ ವಧೂವರಪರೀಕ್ಷೆ ಎಲ್ಲಾದರೂ ನಡೆದಿದೆಯೇ?

ಬಾಯಾರು ನೌಕರಿ ಬಿಡಬಹುದಿತ್ತಲ್ಲ ಎಂದು ಈಗಲೂ ಕೆಲವರು ಕೇಳುತ್ತಾರೆ. ಕೇಳುವವರೆಲ್ಲ ಗಂಡಸರು. ಇಳಕಲ್ಲಿನ ಹೆಂಗಸರು ಯಾರೂ ಹಾಗೆ ಕೇಳಿಲ್ಲ. ಮಾಮಾನೂ ಕೇಳಲಿಲ್ಲ. "ನನ್ನ ಅಡಗಿ ಸಲುವಾಗಿ ಊರ ಬಸರ್ಯಾರನ್ನ ನಡುನೀರಾಗ ಬಿಡಸಲೇನು? ಅಡಗಿ ನನಗ ಬರ್ತದ," ಎನ್ನುತ್ತಿದ್ದರು. ಅಡಿಗೆ ಅವರಿಗೆ ಬರುತ್ತಿರಲಿಲ್ಲ. ಉಳಿದ ಮಾತು ನಿಜ.

ನಮ್ಮ ಮನೆಯಲ್ಲಿ ಮೊದಲು ಈ ಕಲಮಿನಿಂದ ಯಾರಿಗೂ ದುಃಖವಾಗಲಿಲ್ಲ. ನಿಜ ಹೇಳಬೇಕೆಂದರೆ ಅವ್ವನಿಗೆ ಸಮಾಧಾನವೇ ಆಯಿತು. ವಿಧವೆ, ಅದರ ಮೇಲೆ ನರ್ಸಬಾಯಿ! ಬೇಡವೆನ್ನುವ ಕೆಲಸವನ್ನು ಸರ್ಕಾರವೇ ಮಾಡಿಕೊಟ್ಟರೆ ಯಾರಿಗೆ ಬೇಡ? ಆದರೆ ನನ್ನ ತಮ್ಮ ಹುಟ್ಟುವಾಗ ಅಡ್ಡ ನಿಂತ. ಅವ್ವನನ್ನು ಇಳಕಲ್ಲಿಗೇ ಒಯ್ಯಬೇಕಾಯಿತು. ಬಾಯಾರು ಇಬ್ಬರನ್ನೂ ಉಳಿಸಿಕೊಟ್ಟರು. ಬಾಣಂತನ ಮುಗಿಸಿ ಬಂದ ಅವ್ವ ಹೊಸಿಲು ದಾಟುತ್ತಲೇ ಅಪ್ಪನಿಗೆ ಹೇಳಿದಳು: "ಆ ಕಲಮು ಬರದಾಂವ ಯಾರು ಅಂತ ತಿಳಕೊಳ್ರಿ. ಅವನ ಮನ್ಯಾಗ ಹೆಂಗಸರು ಇದ್ದಿರಲಿಕ್ಕಿಲ್ಲ."

ಈಗ ಕೆಮ್ಮು. ದವಾಖಾನೆಯ ಗೋಡೆಯ ಮೇಲೆ "ರೋಗಿಗಳ ಹೊರತು ಯಾರೂ ಕೂಡಬಾರದು" ಎಂದು ಹಲಗೆ ತೂಗುಹಾಕಿದ್ದರು. ಬಾಯಾರನ್ನು ನೋಡಬೇಕು, ಹಲಗೆಯನ್ನೂ ಪಾಲಿಸಬೇಕು. ಮಾಮಾ ರೋಗಿಯಾದರು! ಆದರೆ ಸುಳ್ಳು ಹೇಳುವಂತಿಲ್ಲವಲ್ಲ? ಅದಕ್ಕೂ ಉಪಾಯವಿತ್ತು. ಒಳಗೆ ಹೋಗುವ ಮೊದಲು ಮೆಟ್ಟಿಲ ಮೇಲೆ ನಿಂತು, ಸುತ್ತ ನೋಡಿ, ಒಂದು ಸಲ ಕೆಮ್ಮುತ್ತಿದ್ದರು. ಒಂದೇ ಸಲ. ಆಮೇಲೆ "ಕೆಮ್ಮು" ಎಂದರೆ ಅದು ಖರೆಯ ಮಾತು!

ಬಾಕಿನ ಮೇಲೆ ಕುಳಿತಿರುತ್ತಿದ್ದ ನೇಕಾರರಿಗೆ ಇದು ವಾರದ ಮನರಂಜನೆ. ಮಗ್ಗದ ಧೂಳು ಕುಡಿದು ನಿಜವಾಗಿ ಕೆಮ್ಮುವವರು ಅವರು.

"ಕಾರಕೂನರ, ನಿಮ್ಮದು ಸರ್ಕಾರಿ ಕೆಮ್ಮೇನ್ರಿ? ಸೂಟಿ ದಿನಾ ಅಷ್ಟ ಬರತೈತಲ್ಲ!" ಎಂದು ಒಬ್ಬ ಮುದುಕ ಕೇಳಿದ್ದ.

"ಹೌದಪ್ಪಾ. ಉಳದ ದಿನಾ ಕಚೇರಿ ಇರ್ತದ. ಕೆಮ್ಮಲಿಕ್ಕೆ ವ್ಯಾಳ್ಯಾ ಎಲ್ಲಿ?"

"ಬಾಯಾರ ಔಷಧದಿಂದ ಇಷ್ಟ ವರ್ಸ ಆದ್ರೂ ಗುಣಾ ಆಗಲಿಲ್ಲಂದ್ರ, ಔಷಧ ಬದಲ ಮಾಡ್ರಿ."

"ಗುಣಾ ಆದರ ಏನ ಮಾಡಲ್ಯೋ?" ಎಂದರು ಮಾಮಾ. ಮುದುಕ ಸರಿದು ಅವರಿಗೆ ಬಾಕಿನ ಮೇಲೆ ಜಾಗ ಮಾಡಿಕೊಟ್ಟ. ಆಮೇಲೆ ಎಲ್ಲರೂ ಒಟ್ಟಿಗೆ ನಕ್ಕರು.

ಆ ಔಷಧದ ಗುಟ್ಟೂ ನನಗೆ ಗೊತ್ತು. ಒಮ್ಮೆ ಕಮತಗಿಯಲ್ಲಿ ಮಾಮಾನ ಚೀಲದಲ್ಲಿದ್ದ ಸೀಸೆಯನ್ನು ತೆಗೆದು ಒಂದು ಗುಟುಕು ಕುಡಿದು ನೋಡಿದ್ದೆ. ಬೆಲ್ಲ, ಶುಂಠಿ, ಸ್ವಲ್ಪ ಯಾಲಕ್ಕಿ! ಬಾಯಾರನ್ನು ಕೇಳಿದಾಗ ಅವರು ಗಂಭೀರವಾಗಿಯೇ ಹೇಳಿದರು: "ಸರ್ಕಾರದ ಕಹಿ ಔಷಧ ಕೆಮ್ಮಿಲ್ಲದವರಿಗೆ ಹ್ಯಾಂಗ ಕೊಡ್ಲಿ? ಇದು ನಮ್ಮ ಮನೀದು. ಐತವಾರ ಮುಂಜಾನೆ ಕಾಸಿ ತರ್ತೇನಿ." ಅಂದರೆ ಕಲಮಿನ ವಿಷಯದಲ್ಲಿ ಇವರೂ ಕಡಿಮೆಯವರಲ್ಲ. ಸೀಸೆಯನ್ನು ಅವರು ಕೈಯಿಂದ ಕೈಗೆ ಕೊಡುತ್ತಿರಲಿಲ್ಲ. ಮೇಜಿನ ಮೇಲೆ ಇಡುತ್ತಿದ್ದರು, ಮಾಮಾ ಮೇಜಿನಿಂದ ಎತ್ತಿಕೊಳ್ಳುತ್ತಿದ್ದರು. ಕಾಲರಾ ಸೂಜಿಯ ದಿನದ ನಂತರ ಬಾಯಾರು ಮಾಮಾನ ಕೈ ಮುಟ್ಟಿದ್ದನ್ನು ಕಂಡವರಿಲ್ಲ.

ಹೀಗೆ ಇವರಿಬ್ಬರೂ ಒಂದು ಕಲಮು ಸಾಯುವುದನ್ನು ಕಾಯುತ್ತ ಕುಳಿತಿದ್ದರು. ಅದು ಸಾಯುವ ಲಕ್ಷಣವೂ ಒಮ್ಮೆ ಕಂಡಿತು.

ಕರ್ನಾಟಕ ಒಂದಾಯಿತಲ್ಲ, ಅದಾದ ಮೇಲೆ ಒಂದು ಸುತ್ತೋಲೆ ಬಂತು. ಬೇರೆ ಬೇರೆ ಪ್ರಾಂತಗಳ ನಿಯಮಗಳನ್ನು ಕೂಡಿಸಬೇಕಾಗಿದೆ, ಆದ್ದರಿಂದ ಕಾಲಕ್ಕೆ ಒಪ್ಪದ ಹಳೆಯ ಕಲಮುಗಳು ಯಾವುವೆಂದು ಪ್ರತಿಯೊಂದು ಕಚೇರಿಯೂ ಬರೆದು ತಿಳಿಸಬೇಕು. ಮಾಮಲೇದಾರರು ಓದಿ, ನಕ್ಕು, ಸುತ್ತೋಲೆಯನ್ನು ಮಾಮಾನ ಮುಂದೆ ಇಟ್ಟರು. "ನಿಮಗಿಂತ ಯಾರಿಗೆ ಗೊತ್ತದ, ಕಾರಕೂನರ? ನೀವ ಬರೀರಿ. ನಾ ಸಹಿ ಮಾಡ್ತೇನಿ."

ಇಷ್ಟು ದಿನ ಕಲಮುಗಳನ್ನು ಸಾಕಿದವರ ಕೈಗೇ ಕತ್ತರಿ! ಮಾಮಾ ಸೊರಗಿದರು. ಪ್ರವಾಸ ಮಾಡುವ ಕಾರಕೂನನ ಕುದುರೆಗೆ ಹುರುಳಿ ಕೊಡುವ ಕಲಮು ಒಂದಿತ್ತು. ಕಚೇರಿಯಲ್ಲಿ ಕುದುರೆ ಇಲ್ಲದೆ ಎಷ್ಟು ಕಾಲವಾಗಿತ್ತೋ. ಆದರೂ ಮಾಮಾನಿಗೆ ಮನಸ್ಸು ಬಾರದು. "ನಾಳೆ ಪೆಟ್ರೋಲು ನಿಂತರ?" ಪಂಖಾ ಎಳೆಯುವವನು ಕೆಲಸದ ವೇಳೆಯಲ್ಲಿ ತೂಕಡಿಸಬಾರದೆಂಬ ಕಲಮಿಗೆ, "ಕರೆಂಟು ಎಲ್ಲಾ ಕಡೆ ಬರಲಿ, ಆಮ್ಯಾಲ ನೋಡೂಣು." ಬರೆಯುವ ಲೆಕ್ಕಣಿಕೆಯ ತುದಿ ಹೆರೆಯಲು ಚಾಕು ಕೊಡುವ ಕಲಮಿಗೆ, "ಅದು ಯಾರಿಗೆ ಏನ ಕಾಟಾ ಕೊಟ್ಟದ, ಪಾಪ?"

ಆದರೂ ಮಾಮಾ ಪ್ರಾಮಾಣಿಕರು. ಒಂದೊಂದಾಗಿ ಬರೆದರು. ಕುದುರೆ ಹೋಯಿತು, ಪಂಖಾ ಹೋಯಿತು, ಚಾಕು ಹೋಯಿತು. ರುಮಾಲಿನ ಕಲಮನ್ನು ಬರೆದ ದಿನ ಊಟ ಮಾಡಲಿಲ್ಲವಂತೆ. ತಾಲೂಕಿನ ಗಡಿಯ ಕಲಮನ್ನೂ ಬರೆದರು. ಸುದ್ದಿ ಇಳಕಲ್ಲಿಗೆ ಮುಟ್ಟಿ, ಬಾಕಿನ ಮೇಲಿನವರು ಮಾಮಾನನ್ನು ಅಣಕಿಸುವುದನ್ನೇ ಬಿಟ್ಟರು. ಮದುವೆಯ ಮನೆಯ ಯಜಮಾನನಿಗೆ ತೋರಿಸುವ ಮರ್ಯಾದೆ ತೋರಿಸತೊಡಗಿದರು. ಆ ಮುದುಕ ಬಾಯಾರಿಗೆಂದು ಮಗ್ಗದ ಮೇಲೆ ಒಂದು ಸೀರೆಯನ್ನೂ ಹೂಡಿದ. ಇಳಕಲ್ಲಿನ ಸೀರೆಗಷ್ಟೇ ಇರುವ ಟೋಪ ತೆನೆಯ ಸೆರಗು.

ಪಟ್ಟಿ ಬೆಳಗಾವಿಯ ಮೇಲಿನ ಕಚೇರಿಗೆ ಹೋಯಿತು. ಆ ವಾರ ನಾವು ಕಮತಗಿಗೆ ಹೋದೆವು. ಅವ್ವ ಮೋಟಾರಿನಿಂದ ಇಳಿಯುತ್ತಲೇ ಕೇಳಿದಳು: "ಬರದೀಯಿಲ್ಲೋ ಅದನ್ನ?"

ಮಾಮಾ ಬೇವಿನ ಮರವನ್ನು ನೋಡುತ್ತ ನಿಂತರು. "ಇಲ್ಲಕ್ಕಾ."

"ಏನಂದಿ?"

"ತನ್ನ ಸ್ವಂತ ಹಿತ ಇದ್ದ ವಿಷಯದಾಗ ಸರ್ಕಾರಿ ನೌಕರ ಕೈ ಹಾಕಬಾರದು. ಕಲಮು ಸ್ಪಷ್ಟ ಅದ."

ನಮ್ಮ ಅವ್ವ ಮೃದುಸ್ವಭಾವದವಳು. ಆ ದಿನ ಕಮತಗಿಯ ಸಂತೆಗೆ ಬಂದವರೆಲ್ಲ ಅದಕ್ಕೆ ವಿರುದ್ಧವಾದ ಸಾಕ್ಷಿ ಹೇಳಬಲ್ಲರು. "ಊರ ಕುದುರಿ ಬಿಡಿಸಿ ಬಂದಿ, ನಿನ್ನನ್ನ ಗೂಟಕ್ಕ ಕಟ್ಟಿಕೊಂಡು ಕೂತಿ! ಆಕಿ ಅಲ್ಲಿ ಕಾಯಲಿಕ್ಕೆ ಹತ್ತಿ ಎಷ್ಟು ವರ್ಷ ಆತು? ಆ ಹಾಳ ಹಿತದ ಕಲಮನ್ನರ ಮೊದಲ ಹೊಡದ ಹಾಕಬೇಕಿತ್ತಲ್ಲೋ!"

"ಅದು ಹಳೇದಾಗಿಲ್ಲಕ್ಕಾ," ಎಂದರು ಮಾಮಾ, ಬಹಳ ಮೆಲ್ಲಗೆ.

ನಾನು ಧಾರವಾಡದಲ್ಲಿ ನಾಲ್ಕು ವರ್ಷ ಓದಿ ಬಂದವಳು, ತರ್ಕಶಾಸ್ತ್ರವೂ ಅದರಲ್ಲಿತ್ತು. ಅಂದು ರಾತ್ರಿಯವರೆಗೆ ಹುಡುಕಿದರೂ ಆ ಮಾತಿಗೆ ಉತ್ತರ ಸಿಗಲಿಲ್ಲ. ಈಗಲೂ ಸಿಕ್ಕಿಲ್ಲ. ಬೇರೆ ತಾಲೂಕಿನವರಿಂದ ಬರೆಸಬಹುದಿತ್ತಲ್ಲವೇ ಎಂದು ಕೇಳಿದೆ. "ತಾ ಮಾಡಬಾರದ್ದನ್ನ ಮಂದಿ ಕಡಿಂದ ಮಾಡಸೂದು ಇನ್ನೂ ಕೆಟ್ಟದ್ದವ್ವಾ," ಎಂದರು. ಬೇರೆಯವರು ಯಾರಾದರೂ ತಾವಾಗಿಯೇ ಬರೆದಿರಬಹುದೆಂದು ನಾವೆಲ್ಲ ಆಸೆಯಿಟ್ಟುಕೊಂಡೆವು. ಯಾರು ಬರೆಯುತ್ತಾರೆ? ಉಳಿದ ಕಚೇರಿಗಳಲ್ಲಿ ಪಟ್ಟಿ ಮಾಡಿದವರೆಲ್ಲ ಗಂಡಸರು, ಅವರ ಮದುವೆಗಳು ಆಗಿದ್ದವು.

ಆದೇಶ ಬಂದಾಗ ಕುದುರೆ, ಪಂಖಾ, ಚಾಕು, ರುಮಾಲು, ಗಡಿ ಎಲ್ಲವೂ ರದ್ದಾಗಿದ್ದವು. ಆ ಒಂದು ಕಲಮು ಅಕ್ಷರವೂ ಕದಲದೆ ಹೊಸ ಪುಸ್ತಕಕ್ಕೆ ಬಂದು ಕುಳಿತಿತ್ತು. ಅದನ್ನು ನಾನು ಮಾಮಾನಿಗಿಂತ ಹೆಚ್ಚು ಗಮನವಿಟ್ಟು ಓದಿದ್ದೇನೆ. ಈ ವರ್ಷ ನನಗೂ ಸರ್ಕಾರಿ ಕೆಲಸ ಸಿಕ್ಕಿದೆ. ಉಳಿದದ್ದು ಇಲ್ಲಿ ಬೇಡ.

ಬಾಯಾರನ್ನು ಒಮ್ಮೆ ಕೇಳಿದೆ: "ನಿಮಗ ಸಿಟ್ಟು ಬರಲಿಲ್ಲೇನ್ರಿ?"

"ಬರಲಾರದೇನು? ಎರಡ ಐತವಾರ ಬೆಲ್ಲಾ ಹಾಕಲಿಲ್ಲ. ಬರೇ ಶುಂಠಿ."

"ಮಾಮಾ ಏನಂದ್ರು?"

"ಏನೂ ಅನ್ನಲಿಲ್ಲ. ಕಣ್ಣಾಗ ನೀರ ಬರೂಹಂಗ ಖಾರ ಇತ್ತು. ಪೂರ್ತಿ ಕುಡದು ಖಾಲಿ ಸೀಸೆ ತಂದ್ರು." ಬಾಯಾರು ಹತ್ತಿ ಸುತ್ತತೊಡಗಿದರು. "ಆಮ್ಯಾಲ ಯೋಚನಿ ಮಾಡಿದೆ. ಅವರು ಅದನ್ನ ಬರದಿದ್ರ ಬ್ಯಾರೇ ಮನಷ್ಯಾ ಆಗಿರ್ತಿದ್ರು. ಆ ಬ್ಯಾರೇ ಮನಷ್ಯಾನ್ನ ನಾ ಇಷ್ಟ ವರ್ಷ ಕಾದಿಲ್ಲಲ್ಲವ್ವಾ."

ಮುದುಕನ ಸೀರೆ ನೇಯ್ದು ಮುಗಿಯಿತು. ಮಾರಲು ಅವನಿಗೆ ಮನಸ್ಸಾಗಲಿಲ್ಲ. ಮಡಿಸಿ ಪೆಟ್ಟಿಗೆಯಲ್ಲಿಟ್ಟ.

ಮಾಮಾ ನಿವೃತ್ತರಾದರು. ನಿವೃತ್ತರಾದ ಮರುದಿನ ಬೆಳಿಗ್ಗೆ ಮೊದಲು ಮಾಡಿದ ಕೆಲಸವೇನು ಗೊತ್ತೇ? ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಒಂದು ಅರ್ಜಿ ಬರೆದರು. ಹೆಂಗಸರ ಮದುವೆಯ ಕಲಮನ್ನು ತೆಗೆದುಹಾಕಬೇಕೆಂದು. "ಈಗ ನಾ ನೌಕರ ಅಲ್ಲ. ಸಾರ್ವಜನಿಕ. ಈಗ ಬರೀಬಹುದು," ಎಂದು ಹುಡುಗನಂತೆ ಹಿಗ್ಗಿದರು. ಅರ್ಜಿ ಅಂಚೆಗೆ ಬಿದ್ದಿತು. ಉತ್ತರ ಇನ್ನೂ ಬಂದಿಲ್ಲ. ಕಲಮು ಹೋಗದಿದ್ದರೂ ಬಾಯಾರಿಗೆ ನಿವೃತ್ತಿಯಂತೂ ಆಗಲೇಬೇಕು, ಆಗ ಕೇಳುತ್ತೇನೆ ಎಂದು ಮಾಮಾ ಎರಡನೆಯ ಲೆಕ್ಕ ಹಾಕಿದ್ದರು. ಬಾಯಾರು ಅವರಿಗಿಂತ ಬಹಳ ಚಿಕ್ಕವರು. ಆ ಲೆಕ್ಕವನ್ನು ನಾವು ಯಾರೂ ಪೂರ್ತಿ ಕೂಡಿಸಿ ನೋಡಲಿಲ್ಲ.

ಗಡಿ ತೆರೆದಿತ್ತಲ್ಲ, ಅವ್ವ ಮಾಮಾನನ್ನು ಬಾದಾಮಿಗೂ ಅಲ್ಲಿಂದ ಮಹಾಕೂಟಕ್ಕೂ ಕರೆದುಕೊಂಡು ಹೋದಳು. ಕಮತಗಿಯ ಬೇವಿನ ಮರ ಹಿಂದೆ ಸರಿಯುವಾಗ ಮಾಮಾ ತಿರುಗಿ ತಿರುಗಿ ನೋಡಿದರು. ಯಾರಾದರೂ ಕರೆದು ನಿಲ್ಲಿಸುತ್ತಾರೇನೋ ಎಂಬಂತೆ. ಯಾರೂ ನಿಲ್ಲಿಸಲಿಲ್ಲ. ಮಹಾಕೂಟದ ಹೊಂಡದಲ್ಲಿ ಮಿಂದು, ಬರಿತಲೆಯಲ್ಲೇ ಬಹಳ ಹೊತ್ತು ಮೆಟ್ಟಿಲ ಮೇಲೆ ಕುಳಿತರು. ರುಮಾಲಿಲ್ಲದ ಆ ತಲೆ ಎಷ್ಟು ಬೆಳ್ಳಗಾಗಿದೆ ಎಂದು ನನಗೆ ಅಂದೇ ಗೊತ್ತಾದದ್ದು. ಅಲ್ಲಿಂದ ಬಂದ ಮೇಲೆ ಮಾಮಾನಿಗೆ ಕೆಮ್ಮು ಹತ್ತಿತು. ರುಮಾಲಿನ ಕಲಮು ತೆಗೆದುಹಾಕಿದ್ದೇ ಇದಕ್ಕೆ ಕಾರಣವೆಂದು ಅವ್ವ ಇಂದಿಗೂ ನಂಬಿದ್ದಾಳೆ. ಸರ್ಕಾರವನ್ನು ಅವಳು ಕ್ಷಮಿಸಿಲ್ಲ. ಮೊದಮೊದಲು ನಾವು ನಕ್ಕೆವು. ಕೊನೆಗೂ ಖರೆ ಕೆಮ್ಮು ಬಂತಲ್ಲ ಮಾಮಾ ಎಂದೆವು. ಅವರೂ ನಕ್ಕರು. ನಗುವಾಗ ಕೆಮ್ಮು ಬಂದು, ನಗು ನಿಂತರೂ ಕೆಮ್ಮು ನಿಲ್ಲಲಿಲ್ಲ. "ಇಳಕಲ್ಲಿನಾಗ ಹೇಳಬ್ಯಾಡ್ರಿ," ಎಂದರು.

ಕಳೆದ ಐತವಾರ ಅವ್ವನಿಗೆ ಸೀರೆ ತರಲು ನಾನೂ ಇಳಕಲ್ಲಿಗೆ ಹೋಗಬೇಕಿತ್ತು. ಮಾಮಾನ ಜೊತೆಗೇ ಹೋದೆ. ದವಾಖಾನೆಯ ಮೆಟ್ಟಿಲ ಹತ್ತಿರ ಅವರು ನಿಂತರು. ವಾಡಿಕೆಯಂತೆ ಒಂದು ಸಲ ಕೆಮ್ಮುತ್ತಾರೆಂದು ನಾನೂ ಕಾದೆ, ಬಾಕಿನ ಮೇಲಿನವರೂ ಕಾದರು. ಮಾಮಾ ಕೆಮ್ಮಲಿಲ್ಲ. ತುಟಿ ಬಿಗಿಹಿಡಿದು ಸೀದಾ ಒಳಗೆ ಹೋದರು. ಶುರುವಾದರೆ ಒಂದಕ್ಕೇ ನಿಲ್ಲುವುದಿಲ್ಲವೆಂದು ಅವರಿಗೆ ಗೊತ್ತಿತ್ತು.

"ಕೆಮ್ಮು," ಎಂದರು ಒಳಗೆ. ಬಾಯಾರು ಮುಖವೆತ್ತಿ ನೋಡಿದರು. ಸೀಸೆ ತೆಗೆದುಕೊಂಡು ಹೋಗಿ ತುಂಬಿಸಿ ತಂದು ಮೇಜಿನ ಮೇಲೆ ಇಟ್ಟರು. ಮಾಮಾ ಎತ್ತಿಕೊಂಡರು.

ಹೊರಗೆ ಬಂದು, ಮೆಟ್ಟಿಲ ಮೇಲೆ ನಿಂತು, ಬಿರಡೆ ತೆಗೆದು ಒಂದು ಗುಟುಕು ಕುಡಿದರು. ಅದೂ ಅವರ ವಾಡಿಕೆಯೇ. ಕುಡಿದವರು ಹಾಗೆಯೇ ನಿಂತುಬಿಟ್ಟರು.

"ಏನಾತು ಮಾಮಾ?"

"ಏನಿಲ್ಲವ್ವಾ." ಬಿರಡೆಯನ್ನು ಮೆಲ್ಲಗೆ ಒತ್ತಿ ಕೂಡಿಸಿದರು. "ಇವತ್ತಿಂದು ಕಹಿ ಅದ."

ಅಷ್ಟರಲ್ಲಿ ಬಾಯಾರು ಬಾಗಿಲಿಗೆ ಬಂದಿದ್ದರು. ಕೆಲಸದ ಹೊತ್ತಿನಲ್ಲಿ ಅವರು ಹೊರಗೆ ಬಂದದ್ದನ್ನು ಆ ಬಾಕು ಅದಕ್ಕೂ ಮೊದಲು ಕಂಡಿರಲಿಲ್ಲ. ಮೆಟ್ಟಿಲಿಳಿದು ಮಾಮಾನ ಎದುರಿಗೆ ನಿಂತರು.

"ಮೆಟ್ಟಲ ಮ್ಯಾಲ ಕೆಮ್ಮಲಿಲ್ಲ ನೀವು ಇವತ್ತ," ಎಂದರು. "ಕೈ ಕೊಡ್ರಿ."

"ಇಲ್ಲೇನ್ರಿ? ಮಂದಿ ನೋಡ್ತಾರ, ಬಾಯಾರ."

"ನಾಡಿ ನೋಡಲಿಕ್ಕೆ ಯಾವ ಕಲಮು ಅಡ್ಡ ಬರ್ತದ? ತೋರಸ್ರಿ."

ಮಾಮಾ ನಿಜವಾಗಿಯೂ ಯೋಚಿಸಿದರು. ರದ್ದಾದವನ್ನೂ ಉಳಿದವನ್ನೂ ಮನಸ್ಸಿನಲ್ಲೇ ತಿರುವಿಹಾಕಿರಬೇಕು. "ಯಾವುದೂ ಇಲ್ರಿ," ಎಂದು ಕೈ ಚಾಚಿದರು.

ಬಾಯಾರು ಮಣಿಕಟ್ಟು ಹಿಡಿದುಕೊಂಡರು. ಸೆರಗಿಗೆ ಸಿಕ್ಕಿಸಿದ್ದ ಗಡಿಯಾರವನ್ನು ಮೊದಲು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಡಿಯಾರವನ್ನು ನೋಡಲಿಲ್ಲ. ನಾಡಿ ಎಣಿಸಲು ಎಷ್ಟು ಹೊತ್ತು ಬೇಕೆಂದು ನನಗೂ ಗೊತ್ತಿದೆ. ಅಷ್ಟು ಹೊತ್ತು ಮುಗಿದುಹೋಯಿತು, ಅವರು ಕೈ ಬಿಡಲಿಲ್ಲ. ಮಾಮಾನೂ ಎಳೆದುಕೊಳ್ಳಲಿಲ್ಲ. ಬಾಕಿನ ಮೇಲೆ ಕುಳಿತವರೆಲ್ಲ ಕೆಮ್ಮಿನವರೇ. ಅಷ್ಟು ಹೊತ್ತೂ ಒಬ್ಬರೂ ಕೆಮ್ಮಲಿಲ್ಲ.